ಓದುಗರು ಕೇಳಿದ್ದು: ಕ್ವೇಕರ್ ಮನೆತನದ ಜಾಡು ಹಿಡಿಯುವುದು

ಪ್ರಶ್ನೆ: ನಮ್ಮ ಸೊಸೆ ಅಮೆರಿಕದ ಪೆನ್ಸಿಲ್ವೇನಿಯಾದವಳು. ಅವಳ ತಾಯಿಯ ಕಡೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಗಡದವರಂತೆ. ಮೂಲಪುರುಷ 1682ರಲ್ಲಿ ಪೆನ್ಸಿಲ್ವೇನಿಯಾ ವಸಾಹತಿನ ಸ್ಥಾಪಕ ವಿಲಿಯಂ ಪೆನ್ ಜೊತೆಗೆ 'ವೆಲ್ಕಮ್' ಎಂಬ ಹಡಗಿನಲ್ಲಿ ಬಂದವನೆಂದು ಮನೆಯಲ್ಲಿ ಮಾತಿದೆ. ಮೊಮ್ಮಗನಿಗೆ ಎರಡೂ ಕಡೆಯ ವಂಶಾವಳಿ ಬರೆದಿಡುವ ಆಸೆ. ನಮ್ಮ ಕಡೆಯದು ಹೆಳವರ ಬಾಯಲ್ಲಿದೆ. ಅವರ ಕಡೆಯದನ್ನು ಎಲ್ಲಿಂದ ಶುರು ಮಾಡಲಿ? (ಓದುಗರು, ಗದಗ)

ಉತ್ತರ: ಎಲ್ಲಿಂದ ಬೇಕಾದರೂ ಶುರು ಮಾಡಿ, ಹಡಗಿನಿಂದ ಮಾತ್ರ ಬೇಡ. 'ವೆಲ್ಕಮ್' ಹಡಗಿನಲ್ಲಿ ಹೊರಟವರು ಸುಮಾರು ನೂರು ಜನ. ಅವರಲ್ಲಿ ಮೂವತ್ತರಷ್ಟು ಮಂದಿ ಸಿಡುಬಿಗೆ ಸಿಕ್ಕಿ ದಾರಿಯಲ್ಲೇ ತೀರಿಕೊಂಡರು. ಆ ಹಡಗಿನ ಪ್ರಯಾಣಿಕರ ಅಧಿಕೃತ ಪಟ್ಟಿ ಉಳಿದಿಲ್ಲ. ಇಂದು ಸಿಗುವ ಪಟ್ಟಿಗಳೆಲ್ಲ ಉಯಿಲು, ಪತ್ರ, ಸರಕಿನ ದಾಖಲೆಗಳಿಂದ ಆಮೇಲೆ ಹೆಕ್ಕಿ ಜೋಡಿಸಿದವು. ಹಾಗಿದ್ದೂ 'ವೆಲ್ಕಮ್‌ನಲ್ಲಿ ಬಂದವರು' ಎನ್ನುವ ಮನೆತನಗಳನ್ನೆಲ್ಲ ಸೇರಿಸಿದರೆ ಹತ್ತು ಹಡಗು ತುಂಬುತ್ತವೆ.

ಮೊಮ್ಮಗನಿಂದ ಹಿಂದಕ್ಕೆ ಹೋಗಿ. 1850ರವರೆಗೆ ಅಮೆರಿಕದ ಜನಗಣತಿ ಕೈಹಿಡಿಯುತ್ತದೆ, ಏಕೆಂದರೆ ಗುಲಾಮರನ್ನು ಬಿಟ್ಟು ಮನೆಯ ಪ್ರತಿಯೊಬ್ಬರ ಹೆಸರನ್ನೂ ಬರೆದ ಮೊದಲ ಗಣತಿ ಅದು. ಅದಕ್ಕೂ ಹಿಂದಿನ ಕಾಲಕ್ಕೆ ನಿಮಗೆ ಬೇಕಾದದ್ದು ಒಂದೇ ಸಂಗತಿ: ಆ ಕುಟುಂಬ ಯಾವ ಮಂತ್ಲಿ ಮೀಟಿಂಗಿಗೆ ಸೇರಿತ್ತು ಎಂಬುದು. ಕ್ವೇಕರರಿಗೆ ಪಾದ್ರಿಯಿಲ್ಲ, ಜ್ಞಾನಸ್ನಾನವಿಲ್ಲ. ಹಾಗಾಗಿ ಚರ್ಚಿನ ಬ್ಯಾಪ್ಟಿಸಂ ಪುಸ್ತಕದಲ್ಲಿ ಅವರ ಮಕ್ಕಳನ್ನು ಹುಡುಕುವುದು ದಂಡ. ಅಕ್ಕಪಕ್ಕದ ಕೆಲವು ಪ್ರಾರ್ಥನಾ ಕೂಟಗಳು ತಿಂಗಳಿಗೊಮ್ಮೆ ಒಟ್ಟಾಗಿ ವ್ಯವಹಾರಕ್ಕೆ ಕೂರುತ್ತಿದ್ದವು, ಅದೇ ಮಂತ್ಲಿ ಮೀಟಿಂಗ್. ಹುಟ್ಟು, ಸಾವು, ಮದುವೆ, ವಲಸೆ, ಜಗಳ, ಸಾಲ, ಕುಡಿತ ಎಲ್ಲವೂ ಅದರ ನಡಾವಳಿ ಪುಸ್ತಕಕ್ಕೆ ಹೋಗುತ್ತಿತ್ತು. ಅದರ ಮೇಲೆ ಮೂರು ತಿಂಗಳದ್ದು, ಅದರ ಮೇಲೆ ವಾರ್ಷಿಕ. ವಂಶಾವಳಿಗೆ ಬೇಕಾದ ಸರಕು ಮಾತ್ರ ತಿಂಗಳ ಪುಸ್ತಕದಲ್ಲೇ ಇರುವುದು. ಮನೆತನದ ಹೆಸರು ಹಿಡಿದು ಹೊರಟವರು ಅಲೆಯುತ್ತಾರೆ, ಮೀಟಿಂಗ್ ಹಿಡಿದವರು ತಲುಪುತ್ತಾರೆ.

ಕುಟುಂಬ ಊರು ಬಿಟ್ಟಾಗ ಹಳೆಯ ಮೀಟಿಂಗ್ ಒಂದು ವರ್ಗಾವಣೆ ಪತ್ರ ಕೊಡುತ್ತಿತ್ತು. ನಮ್ಮ ಶಾಲೆಯ ಟಿ.ಸಿ. ಇದ್ದ ಹಾಗೆ: ನಡತೆ ಚೆನ್ನಾಗಿದೆ, ಸಾಲ ಬಾಕಿಯಿಲ್ಲ, ಮದುವೆಯ ಮಾತು ಬೇರೆಲ್ಲೂ ಆಗಿಲ್ಲ ಎಂದು. ಕೊಟ್ಟದ್ದು ಒಂದು ಪುಸ್ತಕದಲ್ಲಿ, ತಲುಪಿದ್ದು ಇನ್ನೊಂದರಲ್ಲಿ ದಾಖಲಾಗುತ್ತದೆ. ಎರಡರ ನಡುವೆ ತಿಂಗಳುಗಟ್ಟಲೆ ಅಂತರವಿರುವುದು ಮಾಮೂಲು, ಗಾಬರಿಯಾಗಬೇಡಿ. ಎರಡನ್ನೂ ಓದಿ, ಮಕ್ಕಳ ಹೆಸರು ಒಂದರಲ್ಲಿ ಬಿಟ್ಟುಹೋಗಿ ಇನ್ನೊಂದರಲ್ಲಿ ಸಿಗುವುದುಂಟು. ಗಂಡಸರ ಮೀಟಿಂಗ್ ಬೇರೆ, ಹೆಂಗಸರದು ಬೇರೆ, ಪುಸ್ತಕಗಳೂ ಬೇರೆ. ಹೆಣ್ಣುಮಕ್ಕಳ ವಿಚಾರ ಹೆಂಗಸರ ಪುಸ್ತಕದಲ್ಲೇ ಹೆಚ್ಚು. ಅದನ್ನು ತೆರೆಯದೆಯೇ 'ದಾಖಲೆ ಇಲ್ಲ' ಎನ್ನುವವರು ಬಹಳ.

ಪೆನ್ಸಿಲ್ವೇನಿಯಾದ ಪುಸ್ತಕಗಳು ಮುಖ್ಯವಾಗಿ ಸ್ವಾರ್ತ್‌ಮೋರ್ ಮತ್ತು ಹ್ಯಾವರ್‌ಫರ್ಡ್ ಕಾಲೇಜುಗಳ ಗ್ರಂಥಾಲಯಗಳಲ್ಲಿವೆ. ಪುಟಗಳ ಚಿತ್ರಗಳು ಆನ್ಸೆಸ್ಟ್ರಿ ತಾಣದಲ್ಲಿ ಚಂದಾ ಕಟ್ಟಿದವರಿಗೆ ಸಿಗುತ್ತವೆ. 1827ರಲ್ಲಿ ಫಿಲಡೆಲ್ಫಿಯಾದ ಕ್ವೇಕರರು ಹಿಕ್ಸೈಟ್, ಆರ್ಥಡಾಕ್ಸ್ ಎಂದು ಎರಡು ಹೋಳಾದರು. ಅಲ್ಲಿಂದ ಮುಂದೆ ಒಂದೇ ಹೆಸರಿನ ಎರಡು ಮೀಟಿಂಗ್, ಎರಡು ಪುಸ್ತಕ. ನಿಮ್ಮವರು ಒಂದರಿಂದ ದಿಢೀರನೆ ಮಾಯವಾದರೆ ಇನ್ನೊಂದನ್ನು ತೆರೆಯಿರಿ.

ಪ್ರಶ್ನೆ: ಅಮೆರಿಕದ ಗಡಿನಾಡಿನ ಹೆಸರಾಂತ ಸಾಹಸಿ ಡೇನಿಯಲ್ ಬೂನ್ ಹುಟ್ಟಿದ್ದು '1734ರ 8ನೇ ತಿಂಗಳ 22' ಎಂದು ಕ್ವೇಕರ್ ದಾಖಲೆಯಲ್ಲಿದೆ. ಅಂದರೆ ಆಗಸ್ಟ್ ಅಲ್ಲವೇ? ಒಂದು ಕಡೆ ಅಕ್ಟೋಬರ್ 22, ಇನ್ನೊಂದು ಕಡೆ ನವೆಂಬರ್ 2 ಎಂದು ಓದಿದೆ. (ಓದುಗರು, ಶಿವಮೊಗ್ಗ)

ಉತ್ತರ: ಆಗಸ್ಟ್ ಖಂಡಿತ ಅಲ್ಲ. ಉಳಿದ ಎರಡೂ ಸರಿ.

ತಿಂಗಳು, ವಾರಗಳ ಇಂಗ್ಲಿಷ್ ಹೆಸರುಗಳಲ್ಲಿ ಹಳೆಯ ರೋಮನ್ ಮತ್ತು ಜರ್ಮನಿಕ್ ದೇವತೆಗಳಿದ್ದಾರೆಂದು ಕ್ವೇಕರರು ಅವನ್ನು ಬಿಟ್ಟು ಬರೀ ಅಂಕಿ ಬರೆಯುತ್ತಿದ್ದರು. ಭಾನುವಾರ ಮೊದಲ ದಿನ. ತಿಂಗಳಲ್ಲಿ ಮೊದಲನೆಯದು ಮಾತ್ರ ಜನವರಿಯಲ್ಲ, ಮಾರ್ಚ್. ನಮ್ಮ ಯುಗಾದಿಯ ಹಾಗೆ ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲೂ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ 1751ರ ಕೊನೆಯವರೆಗಿನ ಯಾವ ದಾಖಲೆಗಾದರೂ ಅಂಕಿಗೆ ಎರಡು ಕೂಡಿ: 8 ಎಂದರೆ ಹತ್ತನೆಯ ತಿಂಗಳು, ಅಕ್ಟೋಬರ್. 11 ಎಂದರೆ ಜನವರಿ, 12 ಎಂದರೆ ಫೆಬ್ರವರಿ. 1752ರಿಂದ 1 ಎಂದರೆ ಜನವರಿಯೇ, ಏನೂ ಕೂಡಬೇಕಾಗಿಲ್ಲ. ಅದೇ ವರ್ಷ ಬ್ರಿಟನ್ನೂ ಅದರ ವಸಾಹತುಗಳೂ ಪಂಚಾಂಗ ಬದಲಿಸಿ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಕರೆದವು. ಆ 11 ದಿನ ಸೇರಿಸಿದರೆ ಬೂನ್ ಹುಟ್ಟಿದ ದಿನ ನವೆಂಬರ್ 2 ಆಗುತ್ತದೆ. ನಿಮ್ಮ ವಂಶವೃಕ್ಷದಲ್ಲಿ ದಾಖಲೆಯ ಅಂಕಿಯನ್ನು ಇದ್ದಂತೆಯೇ ಬರೆದು, ಪಕ್ಕದಲ್ಲಿ 'ಅಕ್ಟೋಬರ್, ಹಳೆಯ ಪಂಚಾಂಗ' ಎಂದಿಡಿ. ಹನ್ನೊಂದು ದಿನ ಸೇರಿಸುವ ಗೋಜು ಬೇಡ. ಒಬ್ಬರು ಸೇರಿಸುತ್ತಾರೆ, ಅದನ್ನು ನೋಡಿದ ಮತ್ತೊಬ್ಬರು ಇನ್ನೊಮ್ಮೆ ಸೇರಿಸುತ್ತಾರೆ.

ಇದಕ್ಕಿಂತ ದೊಡ್ಡ ಗುಂಡಿ ವರ್ಷದ್ದು. ಒಂದು ಮದುವೆ 1720ರ 2ನೇ ತಿಂಗಳು, ಮೊದಲ ಮಗು 1720ರ 12ನೇ ತಿಂಗಳು ಎಂದಿಟ್ಟುಕೊಳ್ಳಿ. 12ನ್ನು ಫೆಬ್ರವರಿ ಎಂದು ತಿದ್ದಿ, ವರ್ಷವನ್ನು ತಿದ್ದಲು ಮರೆತರೆ ಏಪ್ರಿಲ್ 1720ರ ಮದುವೆಗೆ ಎರಡು ತಿಂಗಳು ಮುಂಚೆಯೇ ಮಗು ಹುಟ್ಟಿಬಿಡುತ್ತದೆ! ಅದು ನಮ್ಮ ಲೆಕ್ಕದ ಫೆಬ್ರವರಿ 1721. ಜನವರಿ, ಫೆಬ್ರವರಿ ಮತ್ತು ಮಾರ್ಚ್ 24ರವರೆಗಿನ ದಿನಗಳಿಗೆ 1720/21 ಎಂದು ಜೋಡಿ ವರ್ಷ ಬರೆಯುವುದು ಇದಕ್ಕೇ. ಮಾರ್ಚ್ ತಿಂಗಳಲ್ಲಿ ಯಾವ ದಿನಕ್ಕೆ ವರ್ಷ ಬದಲಿಸಿದರು ಎಂಬುದು ಗುಮಾಸ್ತರಿಂದ ಗುಮಾಸ್ತರಿಗೆ ಬೇರೆಯಾಗಬಹುದು. ಅದೇ ಪುಟದ ಹಿಂದಿನ, ಮುಂದಿನ ನಮೂದು ನೋಡಿ ತೀರ್ಮಾನಿಸಿ. ಕ್ವೇಕರರಲ್ಲದ ಗುಮಾಸ್ತರ ಬರಹದಲ್ಲಿ 8ರ ಪಕ್ಕ 'ಬರ್' ಎಂದಿದ್ದರೆ ಅದೂ ಅಕ್ಟೋಬರ್ರೇ.

ಪ್ರಶ್ನೆ: ಹಿನ್‌ಶಾ ಅವರ ಸಂಪುಟದಲ್ಲಿ ಹೆಸರಿನ ಮುಂದೆ ಆರ್‌ಒಸಿಎಫ್, ಜಿಸಿಟಿ, ಎಂಒಯು ಎಂದೆಲ್ಲ ಇದೆ. ಬಿಡಿಸಿ ಹೇಳುತ್ತೀರಾ? (ಓದುಗರು, ಬೆಂಗಳೂರು)

ಉತ್ತರ: ವಿಲಿಯಂ ವೇಡ್ ಹಿನ್‌ಶಾ ವೃತ್ತಿಯಿಂದ ಆಪೆರಾ ಗಾಯಕರು. 1936ರಿಂದ ಹೊರಬಂದ ಅವರ ಆರು ಸಂಪುಟಗಳು ಕ್ವೇಕರ್ ವಂಶಾವಳಿಗೆ ಇಂದಿಗೂ ಹೆಬ್ಬಾಗಿಲು. ಆರ್‌ಒಸಿಎಫ್ ಎಂದರೆ ಇಂಥ ಮೀಟಿಂಗಿನಿಂದ ಪತ್ರ ತಂದು ಸೇರಿದವರು. ಜಿಸಿಟಿ ಎಂದರೆ ಇಂಥ ಕಡೆಗೆ ಪತ್ರ ಪಡೆದು ಹೊರಟವರು. ಎಂಒಯು ನಮ್ಮ ಸರ್ಕಾರ ಹೂಡಿಕೆದಾರರ ಸಮಾವೇಶದಲ್ಲಿ ಸಹಿ ಹಾಕುವಂಥದ್ದಲ್ಲ, ಪಂಗಡದ ಕಟ್ಟಳೆ ಮೀರಿ ಮದುವೆಯಾದವರು. ಎಂಸಿಡಿ ಎಂದಿದ್ದರೂ ಹೆಚ್ಚುಕಡಿಮೆ ಅದೇ. ಡಿಸ್ ಎಂದರೆ ಹೊರಹಾಕಿದರು. ಕಾನ್ ಎಂದರೆ ಶಿಕ್ಷೆಯಾಯಿತೆಂದು ಅನೇಕರು ತಪ್ಪು ತಿಳಿಯುತ್ತಾರೆ. ಅದು ಆ ವ್ಯಕ್ತಿ ತನ್ನ ತಪ್ಪನ್ನು ತಾನೇ ಖಂಡಿಸಿ ಬರೆದುಕೊಟ್ಟದ್ದು, ಹಾಗಾಗಿ ಸದಸ್ಯತ್ವ ಉಳಿಯಿತು. ಜೆಎಎಸ್ ಎಂದರೆ ಬೇರೆ ಪಂಗಡ ಸೇರಿದರು.

ಹಿನ್‌ಶಾ ಸೂಚಿಯೇ ಹೊರತು ಮೂಲವಲ್ಲ. ಎರಡು ಪುಟದ ವಿಚಾರಣೆ ಅಲ್ಲಿ ಮೂರು ಅಕ್ಷರವಾಗಿರುತ್ತದೆ. ತಾರೀಕು ಹಿಡಿದುಕೊಂಡು ಮೂಲ ನಡಾವಳಿಗೆ ಹೋಗಲೇಬೇಕು. ಇಂಗ್ಲಿಷ್ ಕೈಬರಹದಲ್ಲಿ ದೊಡ್ಡ ಎಫ್ ಬದಲು ಎರಡು ಚಿಕ್ಕ ಎಫ್ ಬರೆಯುವ ರೂಢಿಯಿತ್ತು. ಕಂಪ್ಯೂಟರಿನ ಸೂಚಿಯಲ್ಲಿ ಫ್ರಾನ್ಸಿಸ್ ಸಿಗದಿದ್ದರೆ ಎರಡು ಎಫ್ ಹಾಕಿ ಹುಡುಕಿ.

ಪ್ರಶ್ನೆ: ನಡಾವಳಿಯಲ್ಲಿ ಒಂದೇ ಜೋಡಿಯ ಮದುವೆ ಮೂರು ತಿಂಗಳು ಸತತವಾಗಿ ಬರುತ್ತದೆ. ಯಾವುದನ್ನು ಮದುವೆಯ ದಿನ ಎನ್ನಬೇಕು? ಇನ್ನೊಂದು: ಮಕ್ಕಳ ಮದುವೆಗಾಗಿ ತಂದೆಯನ್ನೇ ಹೊರಹಾಕಿದ್ದನ್ನು ಓದಿದೆ. ಇದು ನಮ್ಮ ಊರುಗಳ ಬಹಿಷ್ಕಾರದಂಥದ್ದೇ? (ಓದುಗರು, ಧಾರವಾಡ)

ಉತ್ತರ: ಆ ಮೂರರಲ್ಲಿ ಯಾವುದೂ ಅಲ್ಲ. ಮೊದಲ ತಿಂಗಳು ಜೋಡಿ ಎದ್ದುನಿಂತು ಮದುವೆಯಾಗುವ ಮನಸ್ಸಿದೆ ಎನ್ನುತ್ತದೆ. ಬೇರೆಲ್ಲೂ ಮಾತು ಕೊಟ್ಟಿಲ್ಲವೇ, ತಂದೆತಾಯಿ ಒಪ್ಪಿದ್ದಾರೆಯೇ ಎಂದು ವಿಚಾರಿಸಲು ಇಬ್ಬರನ್ನು ಹುಡುಗನ ಕಡೆಗೆ, ಇಬ್ಬರನ್ನು ಹುಡುಗಿಯ ಕಡೆಗೆ ನೇಮಿಸುತ್ತಾರೆ. ಎರಡನೆಯ ತಿಂಗಳು ಅವರ ವರದಿ, ಜೋಡಿಯ ಎರಡನೆಯ ಮಾತು, ಸಭೆಯ ಒಪ್ಪಿಗೆ. ಮೂರನೆಯ ತಿಂಗಳು 'ಮದುವೆ ಶಿಸ್ತಾಗಿ ನಡೆಯಿತು' ಎಂಬ ವರದಿ. ನಿಜವಾದ ದಿನ ಎರಡನೆಯ ಮತ್ತು ಮೂರನೆಯ ನಮೂದಿನ ನಡುವೆ ಎಲ್ಲೋ ಇರುತ್ತದೆ. ಅದು ಸಿಗುವುದು ಮದುವೆ ಪತ್ರದ ಪ್ರತಿಗಳಿರುವ ಪುಸ್ತಕದಲ್ಲಿ.

ಆ ಪತ್ರವನ್ನು ಸಾವಧಾನವಾಗಿ ಓದಿ. ಗಂಡು ಹೆಣ್ಣು ತಾವೇ ಪ್ರಮಾಣದ ಮಾತು ಹೇಳಿ ಸಹಿ ಹಾಕುತ್ತಾರೆ, ಹೆಣ್ಣು ಆಗಲೇ ಗಂಡನ ಮನೆತನದ ಹೆಸರಿನಲ್ಲಿ. ಬಂದವರೆಲ್ಲ ಸಾಕ್ಷಿ. ಬಲಗಡೆಯ ಸಾಲಿನಲ್ಲಿ, ಮದುಮಕ್ಕಳ ಸಹಿಯ ಕೆಳಗೆ ಇರುವವರು ಸಾಮಾನ್ಯವಾಗಿ ಹತ್ತಿರದ ನೆಂಟರು. ಅಲ್ಲಿ ಅಪ್ಪನ ಹೆಸರಿಲ್ಲದೆ ಅಮ್ಮನದು ಮಾತ್ರ ಇದ್ದರೆ ಅಪ್ಪ ತೀರಿಕೊಂಡಿರಬಹುದೆಂದು ಉಯಿಲು ಹುಡುಕಿ. ಪುಸ್ತಕದ ಪ್ರತಿಯಲ್ಲಿರುವ ಸಹಿಗಳೆಲ್ಲ ಗುಮಾಸ್ತನ ಕೈಬರಹ. ಅದನ್ನು ನೋಡಿ 'ಅಜ್ಜಿಗೆ ಓದುಬರಹ ಬರುತ್ತಿತ್ತು' ಎನ್ನಬೇಡಿ.

ನೀವು ಓದಿದ್ದು ಡೇನಿಯಲ್ ಬೂನನ ತಂದೆ ಸ್ಕ್ವೈರ್ ಬೂನ್ ವಿಚಾರವಿರಬೇಕು. ಸ್ಕ್ವೈರ್ ಎಂಬುದು ಬಿರುದಲ್ಲ, ಇಟ್ಟ ಹೆಸರು. ಇವನು 1720ರ 7ನೇ ತಿಂಗಳ 23ರಂದು, ಅಂದರೆ ಸೆಪ್ಟೆಂಬರಿನಲ್ಲಿ, ಗ್ವಿನೆಡ್ ಮೀಟಿಂಗಿನಲ್ಲಿ ಸಾರಾ ಮಾರ್ಗನ್‌ಳನ್ನು ಮದುವೆಯಾದ. ಜುಲೈ ಎಂದು ಬರೆದಿರುವ ವಂಶವೃಕ್ಷಗಳು ಇಂದಿಗೂ ಓಡಾಡುತ್ತಿವೆ. 1742ರಲ್ಲಿ ಮಗಳು ಸಾರಾ ಹೊರಗಿನವನನ್ನು ಮದುವೆಯಾದಾಗ ಸ್ಕ್ವೈರ್ ತಪ್ಪೊಪ್ಪಿಕೊಂಡ. 1747ರಲ್ಲಿ ಹಿರಿಯ ಮಗ ಇಸ್ರೇಲ್ ಅದನ್ನೇ ಮಾಡಿದಾಗ ಒಪ್ಪಲಿಲ್ಲ. ಎಕ್ಸೆಟರ್ ಮೀಟಿಂಗ್ ಸ್ಕ್ವೈರ್‌ನನ್ನು ಹೊರಹಾಕಿತು. 1750ರಲ್ಲಿ ಕುಟುಂಬ ದಕ್ಷಿಣಕ್ಕೆ ಹೊರಟು ಕೊನೆಗೆ ಉತ್ತರ ಕೆರೊಲಿನಾದ ಯಾಡ್ಕಿನ್ ಕಣಿವೆಯಲ್ಲಿ ನೆಲೆನಿಂತಿತು.

ಬಹಿಷ್ಕಾರದ ಹೋಲಿಕೆ ಅರ್ಧ ಮಾತ್ರ ಸರಿ. ಹೊರಹಾಕಿದವರಿಗೆ ನೀರು, ಬೆಂಕಿ, ವ್ಯವಹಾರ ನಿಲ್ಲಿಸುತ್ತಿರಲಿಲ್ಲ. ಪ್ರಾರ್ಥನೆಗೆ ಬಂದು ಕೂರಬಹುದಿತ್ತು, ವ್ಯವಹಾರದ ಸಭೆಯಲ್ಲಿ ಮಾತ್ರ ಜಾಗವಿಲ್ಲ. ತಪ್ಪೊಪ್ಪಿಗೆ ಬರೆದುಕೊಟ್ಟು ಮರಳಿದವರೂ ಇದ್ದಾರೆ. ಗಂಡ ಹೋದರೂ ಹೆಂಡತಿಯ ಸದಸ್ಯತ್ವ ಉಳಿಯುತ್ತದೆ, ಆದ್ದರಿಂದ ಹೆಂಗಸರ ನಡಾವಳಿಯಲ್ಲಿ ಎಳೆ ಮುಂದುವರಿಯುತ್ತದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬಂದೂಕು ಹಿಡಿದ ಕ್ವೇಕರರನ್ನೂ ಹೀಗೆಯೇ ತೆಗೆದರು. ಸೈನಿಕ ಪೂರ್ವಜ ಬೇಕಾದವರಿಗೆ 1775ರ ನಂತರದ ಈ ನಮೂದುಗಳೇ ಗಣಿ.

ಪ್ರಶ್ನೆ: ಅಪ್ಪನಿಗೊಂದು, ಮಗನಿಗೊಂದು ಮನೆತನದ ಹೆಸರು ಇರುವುದು ಹೇಗೆ ಸಾಧ್ಯ? (ಓದುಗರು, ಮೈಸೂರು)

ಉತ್ತರ: ವೇಲ್ಸಿನವರಾದರೆ ಸಾಧ್ಯ. ಫಿಲಡೆಲ್ಫಿಯಾದ ಪಶ್ಚಿಮಕ್ಕೆ ಮೆರಿಯನ್, ರ‍್ಯಾಡ್ನರ್, ಹ್ಯಾವರ್‌ಫರ್ಡ್ ಸುತ್ತ ನೆಲೆಸಿದ ವೆಲ್ಷ್ ಕ್ವೇಕರರಲ್ಲಿ ಅನೇಕರಿಗೆ ಸ್ಥಿರವಾದ ಮನೆತನದ ಹೆಸರೇ ಇರಲಿಲ್ಲ. ಅಪ್ಪನ ಹೆಸರೇ ಮಗನ ಎರಡನೆಯ ಹೆಸರು. ಇನಿಷಿಯಲ್ ಬಿಡಿಸಿ ಬರೆಯಿರಿ ಎಂದು ಪಾಸ್‌ಪೋರ್ಟ್ ಕಚೇರಿಯಲ್ಲಿ ಕೇಳಿಸಿಕೊಂಡ ನಮ್ಮ ಹಳೆ ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗ್ವಿನೆಡ್‌ನಲ್ಲಿ 1698ರಲ್ಲಿ ನೆಲೆಸಿದ ಥಾಮಸ್, ರಾಬರ್ಟ್, ಓವನ್, ಕ್ಯಾಡ್ವಾಲಡರ್ ಎಂಬ ನಾಲ್ವರು ಎವಾನ್ಸ್ ಸಹೋದರರ ತಂದೆ ಎವಾನ್ ಆಪ್ ರಾಬರ್ಟ್ ಲೂಯಿಸ್. 'ಆಪ್' ಎಂದರೆ ಮಗ. ಅಂದರೆ ಎವಾನ್ಸ್ ಎಂಬ ಹೆಸರು ಒಂದು ತಲೆಮಾರು ಹಿಂದಕ್ಕೆ ಹೋದರೆ ಮುಗಿಯಿತು. ಅಲ್ಲಿಂದಾಚೆ ಎವಾನ್ಸ್ ಎಂದು ಹುಡುಕಿದವರಿಗೆ ಸಿಗುವುದು ಸಂಬಂಧವಿಲ್ಲದ ಎವಾನ್ಸ್‌ಗಳು. ಆಪ್ ರೈಸ್ ಪ್ರೈಸ್ ಆಗಿದೆ, ಆಪ್ ಹ್ಯೂ ಪ್ಯೂ ಆಗಿದೆ, ಆಪ್ ಹೌಲ್ ಪೊವೆಲ್ ಆಗಿದೆ. ವೇಲ್ಸಿನವರಿಗೆ ಹೆಸರಿಗಿಂತ ಜಮೀನಿನ ಹೆಸರು ನಂಬಿಕಸ್ಥ.

ಪ್ರಶ್ನೆ: 1740ರಲ್ಲಿ ತೀರಿಕೊಂಡವರ ಗೋರಿಕಲ್ಲು ಎಷ್ಟು ಹುಡುಕಿದರೂ ಇಲ್ಲ. (ಓದುಗರು, ಮಂಗಳೂರು)

ಉತ್ತರ: ಇರಲಿಕ್ಕಿಲ್ಲ. ಗೋರಿಕಲ್ಲು ಆಡಂಬರವೆಂದು ಮೀಟಿಂಗುಗಳೇ ಬೇಡವೆನ್ನುತ್ತಿದ್ದವು. ಆ ಕಾಲದ ಹೆಸರು, ತಾರೀಕು, ವಾಕ್ಯವೆಲ್ಲ ಕೆತ್ತಿದ ಅಂದವಾದ ಕಲ್ಲು ಕಂಡರೆ ವಂಶಸ್ಥರು ಆಮೇಲೆ ನೆಟ್ಟದ್ದೆಂದು ತಿಳಿಯಿರಿ. ಮೀಟಿಂಗಿನ ಮರಣ ಪುಸ್ತಕ, ಉಯಿಲು ಜಾರಿಯಾದ ದಿನ, ಇವೆರಡೇ ಗತಿ.

ಪ್ರಶ್ನೆ: ಕ್ವೇಕರರು ಗುಲಾಮಗಿರಿಯ ವಿರೋಧಿಗಳಲ್ಲವೇ? ಅಂಥವರ ಉಯಿಲಿನಲ್ಲಿ 'ನೀಗ್ರೋ ಹುಡುಗ' ಎಂಬ ಸಾಲು ಹೇಗೆ ಬಂತು? (ಓದುಗರು, ಕಲಬುರಗಿ)

ಉತ್ತರ: ವಿರೋಧಿಗಳಾದದ್ದು ಆಮೇಲೆ. ವಿಲಿಯಂ ಪೆನ್ ಸ್ವತಃ ಗುಲಾಮರ ಒಡೆಯ. 1688ರಲ್ಲಿ ಜರ್ಮನ್‌ಟೌನಿನ ನಾಲ್ವರು ಗುಲಾಮಗಿರಿ ತಪ್ಪೆಂದು ಬರೆದು ಸಹಿ ಹಾಕಿ ಮಂತ್ಲಿ ಮೀಟಿಂಗಿಗೆ ಕೊಟ್ಟರು. ಅವರಲ್ಲೊಬ್ಬ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್. ಮಂತ್ಲಿಯವರು ವಿಷಯ ನಮ್ಮ ಮಟ್ಟದ್ದಲ್ಲ ಎಂದು ಮೇಲಕ್ಕೆ ಕಳಿಸಿದರು, ಅವರು ವಾರ್ಷಿಕ ಮೀಟಿಂಗಿಗೆ ಕಳಿಸಿದರು, ಅಲ್ಲಿ ಕಡತ ಬದಿಗೆ ಸರಿಯಿತು. ಸರ್ಕಾರಿ ಕಚೇರಿ ಕಂಡ ನಮಗೆ ಗುರುತಿನ ದಾರಿಯೇ. ಗುಲಾಮರನ್ನು ಕೊಂಡು ಮಾರುವವರನ್ನು ವ್ಯವಹಾರದ ಸಭೆಯಿಂದ ದೂರವಿಡಲು ಫಿಲಡೆಲ್ಫಿಯಾ ವಾರ್ಷಿಕ ಮೀಟಿಂಗ್ ನಿರ್ಧರಿಸಿದ್ದು 1758ರಲ್ಲಿ. ಇಟ್ಟುಕೊಂಡವರನ್ನು ಹೊರಹಾಕುವ ನಿರ್ಧಾರ 1776ರಲ್ಲಿ. ನಡುವಿನ ಎಪ್ಪತ್ತು, ಎಂಬತ್ತು ವರ್ಷದ ಉಯಿಲುಗಳಲ್ಲಿ ಅಂಥ ಸಾಲು ಕಂಡರೆ ಆಶ್ಚರ್ಯವಿಲ್ಲ.

ವಂಶಾವಳಿ ಬರೆಯುವವರು ಈ ಸಾಲನ್ನು ಬಿಟ್ಟುಬಿಡುವುದು ಸರಿಯಲ್ಲ. ಆ ಹುಡುಗನ ಹೆಸರನ್ನೂ ಬರೆದಿಡಿ. 1770ರ ದಶಕದ ಬಿಡುಗಡೆ ಪತ್ರಗಳನ್ನು ಮೀಟಿಂಗುಗಳು ನಕಲು ಮಾಡಿ ಇಟ್ಟಿವೆ. ಬಿಡುಗಡೆಯಾದವರ ಹೆಸರು, ವಯಸ್ಸು ಅಲ್ಲಿ ಸಿಗಬಹುದು. ಅವರ ವಂಶಸ್ಥರಿಗೆ ಕೆಲವೊಮ್ಮೆ ಅದೊಂದೇ ಎಳೆ.

ಪ್ರಶ್ನೆ: ಪೆನ್ಸಿಲ್ವೇನಿಯಾದ ಹಳೆಯ ಕ್ರಯಪತ್ರದ ಚಕ್ಕುಬಂದಿ 'ಪರ್ಚ್' ಲೆಕ್ಕದಲ್ಲಿದೆ. ಈಗಿನ ನಕ್ಷೆಯಲ್ಲಿ ಜಮೀನು ಗುರುತಿಸುವುದು ಹೇಗೆ? (ಓದುಗರು, ದಾವಣಗೆರೆ)

ಉತ್ತರ: ನಿಮಗೆ ಗುಂಟೆ ಗೊತ್ತಿದ್ದರೆ ಪರ್ಚ್ ಅರ್ಧ ಗೊತ್ತಿದ್ದ ಹಾಗೆ. ಎರಡೂ ಇಂಗ್ಲಿಷರ 66 ಅಡಿಯ ಸರಪಳಿಗೆ ಸರಿಯಾಗಿ ಕೂರುತ್ತವೆ. ಒಂದು ಪರ್ಚ್ 16.5 ಅಡಿ. ಗುಂಟೆಯ ಒಂದು ಬದಿ 33 ಅಡಿ, ಅಂದರೆ ಎರಡು ಪರ್ಚ್. ಹಾಗಾಗಿ ನಾಲ್ಕು ಚದರ ಪರ್ಚ್ ಒಂದು ಗುಂಟೆ, 160 ಚದರ ಪರ್ಚ್ ಒಂದು ಎಕರೆ.

ಪತ್ರದಲ್ಲಿ 'ಉತ್ತರದಿಂದ 30 ಡಿಗ್ರಿ ಪೂರ್ವಕ್ಕೆ 120 ಪರ್ಚ್, ಬಿಳಿ ಓಕ್ ಮರದವರೆಗೆ' ಎಂಬಂಥ ಸಾಲುಗಳಿರುತ್ತವೆ. ಗ್ರಾಫ್ ಹಾಳೆಯಲ್ಲಿ ಒಂದು ಮಿಲಿಮೀಟರಿಗೆ ಎರಡು ಪರ್ಚ್ ಇಟ್ಟು ಕೋನಮಾಪಕದಿಂದ ಒಂದೊಂದೇ ಗೆರೆ ಎಳೆಯಿರಿ. ಕೊನೆಯ ಗೆರೆ ಹೊರಟಲ್ಲಿಗೇ ಬಂದು ಸೇರಬೇಕು. ಸ್ವಲ್ಪ ತೆರೆದುಕೊಂಡರೆ ಚಿಂತೆಯಿಲ್ಲ. ಬಹಳ ತೆರೆದುಕೊಂಡರೆ ನಕಲು ಮಾಡಿದವನು ಒಂದು ಸಾಲು ನುಂಗಿದ್ದಾನೆ, ಇಲ್ಲವೇ ಪೂರ್ವವನ್ನು ಪಶ್ಚಿಮ ಮಾಡಿದ್ದಾನೆ. ಪಕ್ಕದ ಜಮೀನಿನ ಪತ್ರದಲ್ಲಿ ಅದೇ ಗೆರೆ ತಿರುವುಮುರುವಾಗಿ ಇರುತ್ತದೆ, ಅಲ್ಲಿಂದ ತಿದ್ದಿಕೊಳ್ಳಿ. ಅಮೆರಿಕದ 1:24,000 ನಕ್ಷೆಯಲ್ಲಿ ಒಂದು ಅಂಗುಲಕ್ಕೆ 2,000 ಅಡಿ, ಅಂದರೆ 120 ಪರ್ಚ್ ಸುಮಾರು ಒಂದು ಅಂಗುಲ. ಚಿತ್ರವನ್ನು ಆ ಅಳತೆಗೆ ಪಾರದರ್ಶಕ ಹಾಳೆಯ ಮೇಲೆ ಮತ್ತೆ ಬರೆದು ನಕ್ಷೆಯ ಮೇಲಿಟ್ಟು ಹೊಂದಿಸಿ. ಮರ ಹೋಗಿರುತ್ತದೆ, ಹಳ್ಳ ಇರುತ್ತದೆ. ಹಳ್ಳದ ತಿರುವಿಗೆ ಮೊದಲು ಹೊಂದಿಸಿ. ಅಂದಿನ ಅಳತೆ ಆಯಸ್ಕಾಂತದ ಮುಳ್ಳಿನದು. ಆದ್ದರಿಂದ ಚಿತ್ರವನ್ನು ಕೆಲವು ಡಿಗ್ರಿ ತಿರುಗಿಸಬೇಕಾಗಿ ಬಂದರೆ ನಿಮ್ಮ ತಪ್ಪೆಂದು ತಿಳಿಯಬೇಡಿ. ವಿಸ್ತೀರ್ಣ ನೂರಕ್ಕೆ ಆರರಷ್ಟು ಹೆಚ್ಚು ಬಂದರೂ ಸರಿಯೇ, ರಸ್ತೆಗೆಂದು ಅಷ್ಟು ಸೇರಿಸಿ ಅಳೆಯುವ ಪದ್ಧತಿಯಿತ್ತು.

ಕ್ರಯಪತ್ರ ಕೈಯಲ್ಲಿಲ್ಲದವರು ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಹುಡುಕಬೇಕೆಂದು ಮೊದಲು ಖಚಿತಪಡಿಸಿಕೊಳ್ಳಿ. 1682ರಲ್ಲಿ ಇದ್ದದ್ದು ಫಿಲಡೆಲ್ಫಿಯಾ, ಚೆಸ್ಟರ್, ಬಕ್ಸ್ ಮೂರೇ. ಲ್ಯಾಂಕಾಸ್ಟರ್ ಆದದ್ದು 1729ರಲ್ಲಿ, ಬರ್ಕ್ಸ್ 1752ರಲ್ಲಿ. ಬೂನ್ ಕುಟುಂಬದ ಎಕ್ಸೆಟರ್ ಈಗ ಬರ್ಕ್ಸ್‌ನಲ್ಲಿದೆ, ಅವರು ಅಲ್ಲಿದ್ದಾಗ ಅದು ಫಿಲಡೆಲ್ಫಿಯಾ ಕೌಂಟಿ. ಪೆನ್ ಕುಟುಂಬದಿಂದ ನೇರವಾಗಿ ಪಡೆದ ಜಮೀನಾದರೆ ವಾರಂಟ್ (ಜಮೀನು ಅಳೆದುಕೊಡಲು ಕೊಟ್ಟ ಆಜ್ಞೆ), ಸರ್ವೆ, ಪೇಟೆಂಟ್ (ಅಂತಿಮ ಹಕ್ಕುಪತ್ರ) ಮೂರೂ ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರದಲ್ಲಿವೆ. ವಾರಂಟ್ ಪಡೆದವನೇ ಪೇಟೆಂಟ್ ಪಡೆದನೆಂದು ನಂಬಬೇಡಿ. ನಡುವೆ ಅದು ನಾಲ್ಕು ಕೈ ಬದಲಾಗಿರಬಹುದು.

ಪ್ರಶ್ನೆ: ಸಮುದ್ರ ದಾಟಿ ಇಂಗ್ಲೆಂಡಿನ ಊರು ಹಿಡಿಯುವುದು? (ಓದುಗರು, ಉಡುಪಿ)

ಉತ್ತರ: ಬಂದ ಹೊಸತರಲ್ಲಿ ಅಮೆರಿಕದ ಮೀಟಿಂಗಿಗೆ ಕೊಟ್ಟ ಪತ್ರ ನೋಡಿ. ಡೇನಿಯಲ್‌ನ ಅಜ್ಜ ಜಾರ್ಜ್ ಬೂನ್ ಡೆವನ್‌ನ ಕಲಂಪ್ಟನ್ ಮೀಟಿಂಗಿನ ಪತ್ರವನ್ನು ಗ್ವಿನೆಡ್‌ಗೆ ಒಪ್ಪಿಸಿದ್ದು 1717ರ 10ನೇ ತಿಂಗಳ 31ಕ್ಕೆ, ಅಂದರೆ ಡಿಸೆಂಬರಿನ ಕೊನೆಯ ದಿನ. ಮೀಟಿಂಗಿನ ಹೆಸರು ಸಿಕ್ಕಿದ ಮೇಲೆ ಲಂಡನ್ ಹತ್ತಿರದ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ 'ಆರ್‌ಜಿ 6' ಕಟ್ಟಿನಲ್ಲಿ ಆ ಮೀಟಿಂಗಿನ ಹುಟ್ಟು, ಮದುವೆ, ಸಾವಿನ ಪುಸ್ತಕಗಳಿವೆ. ಮೂಲವನ್ನು ಸರ್ಕಾರಕ್ಕೆ ಒಪ್ಪಿಸುವ ಮೊದಲು ಕ್ವೇಕರರು ಸಾರ ಬರೆದಿಟ್ಟುಕೊಂಡರು. ಅದು ಲಂಡನ್ನಿನ ಫ್ರೆಂಡ್ಸ್ ಹೌಸ್ ಗ್ರಂಥಾಲಯದಲ್ಲಿದೆ. ದಂಡ, ಜಪ್ತಿ, ಜೈಲು ಅನುಭವಿಸಿದವರ ಹೆಸರುಗಳನ್ನು ಜೋಸೆಫ್ ಬೆಸ್ 1753ರಲ್ಲಿ ಎರಡು ಸಂಪುಟಗಳಲ್ಲಿ ಕೌಂಟಿವಾರು ಅಚ್ಚು ಹಾಕಿಸಿದ. ಪತ್ರ ಸಿಗದಿದ್ದವರು ಅಲ್ಲಿ ಹುಡುಕಬಹುದು. ಹೆಸರು ಹೊಂದಿದ ಮಾತ್ರಕ್ಕೆ ಅವನೇ ಎಂದು ಗೆರೆ ಎಳೆಯಬೇಡಿ. ವಲಸೆ ಹೋದ ವರ್ಷದ ನಂತರವೂ ಆ ಹೆಸರು ಅದೇ ಇಂಗ್ಲಿಷ್ ಊರಿನ ಪುಸ್ತಕದಲ್ಲಿ ಮುಂದುವರಿದಿದ್ದರೆ ಅವನು ಬೇರೆಯವನು.